ಎಂಟು ಕಾಲಿನ ಸಾಕ್ಷಿ

ಗ್ರಂಥಾಲಯದ ಮುಂಬಾಗಿಲಿನ ಮೇಲೆ ಮೇಷ್ಟ್ರ ಬ್ಯಾನರು ಏರಿದ ದಿನ ಕಾಗದದ ಡಾಕ್ಟರಮ್ಮ ಮಧ್ಯಾಹ್ನದ ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ವಾಪಸ್ಸು ಒಯ್ದಳು. ಎರಡು ಮಹಡಿ ಉದ್ದದ ಬಟ್ಟೆ. ಮೇಲೆ ಮೇಷ್ಟ್ರ ನಗುಮುಖ, ಕೆಳಗೆ ಒಂದು ಜೇಡ, ಅದರ ಕೆಳಗೆ ‘ಕಣ್ಣು ಮತ್ತು ಕುಂಚ: ಒಬ್ಬ ವಿಜ್ಞಾನಿಯ ಶತಮಾನ’ ಎಂಬ ದಪ್ಪ ಅಕ್ಷರ. ಕಣ್ಣಿನ ಬಗ್ಗೆ ಅವಳಿಗೆ ತಕರಾರಿರಲಿಲ್ಲ. ಕುಂಚ ಮಾತ್ರ ಅವಳ ದೊಡ್ಡಮ್ಮನದು.

ವಿಶ್ವವಿದ್ಯಾಲಯದ ಆ ಗ್ರಂಥಾಲಯದಲ್ಲಿ ವಿಶೇಷ ಸಂಗ್ರಹ ಎಂಬ ವಿಭಾಗವಿತ್ತು. ಹಳೆಯ ನಕ್ಷೆ, ಹಸ್ತಪ್ರತಿ, ಫೋಟೋಗಳಿಂದ ಹಿಡಿದು ತೀರಿಕೊಂಡ ಪ್ರೊಫೆಸರುಗಳ ಕನ್ನಡಕದವರೆಗೆ ಎಲ್ಲವೂ ಅಲ್ಲಿಗೆ ಬಂದು ಸೇರುತ್ತಿದ್ದವು. ಹರಿದದ್ದನ್ನು ಕೂಡಿಸುವುದು, ಹುಳ ತಿಂದದ್ದಕ್ಕೆ ತೇಪೆ ಹಾಕುವುದು, ಮಡಿಕೆ ಬಿದ್ದು ಮುರಿಯುವಂತಾದದ್ದನ್ನು ಪುಸಲಾಯಿಸಿ ಬಿಡಿಸುವುದು ಅವಳ ಕೆಲಸ. ಕಾಗದದ ಡಾಕ್ಟರಮ್ಮ ಎಂದು ಅಲ್ಲಿಯವರು ಮೊದಲು ಗೇಲಿಗೆ ಕರೆದರು, ಆಮೇಲೆ ಅಭ್ಯಾಸವಾಗಿ ಕರೆದರು. ಅವಳು ಎರಡಕ್ಕೂ ಓಗೊಟ್ಟಳು. ತನ್ನ ಕೆಲಸದಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂಬುದು ಅವಳಿಗೆ ಗೊತ್ತಿತ್ತು, ಅದನ್ನು ಮುಚ್ಚಿಟ್ಟುಕೊಳ್ಳುವ ವಿನಯ ಅವಳಲ್ಲಿ ಎಳ್ಳಷ್ಟೂ ಇರಲಿಲ್ಲ.

ಆ ಸೊಕ್ಕು ದೊಡ್ಡಮ್ಮನಿಂದ ಬಂದದ್ದು. ದೊಡ್ಡಮ್ಮ ಚಿತ್ರಕಲೆ ಕಲಿತು, ಪದಕ ಗೆದ್ದು, ಪ್ರಾಣಿಶಾಸ್ತ್ರ ವಿಭಾಗಕ್ಕೆ ಚಿತ್ರ ಬರೆಯುವವಳಾಗಿ ಸೇರಿದವಳು. ಮೇಷ್ಟ್ರು ಆಗ ಜೇಡಗಳ ಮೇಲೆ ದೊಡ್ಡ ಪುಸ್ತಕವೊಂದನ್ನು ಬರೆಯುತ್ತಿದ್ದರು. ಅವರು ಬಾಟಲಿಯಿಂದ ಜೇಡವನ್ನು ತೆಗೆದು ಮಸೂರದ ಕೆಳಗಿಟ್ಟು ಹೋಗುವರು. ಇವಳು ಕೂತು ಬರೆಯುವಳು. ಪುಸ್ತಕ ಬಂತು, ಮೇಷ್ಟ್ರಿಗೆ ಹೆಸರು ಬಂತು, ಬಿರುದು ಬಂತು. ಪ್ರತಿ ಚಿತ್ರದ ಮೂಲೆಯಲ್ಲೂ ಮೇಷ್ಟ್ರ ಸಹಿ. ಮುನ್ನುಡಿಯಲ್ಲಿ ಅವರ ಹೆಂಡತಿಗೆ, ಮಸೂರ ಮಾರಿದ ಅಂಗಡಿಯವನಿಗೆ, ಕೊನೆಗೆ ಮನೆಯ ನಾಯಿಗೂ ಕೃತಜ್ಞತೆ ಇತ್ತು. ದೊಡ್ಡಮ್ಮ ನೇರವಾಗಿ ಹೋಗಿ ಕೇಳಿದಳು.

“ಕೈ ನಿಮ್ಮದೇ ಇರಬಹುದು. ಆದ್ರೆ ಕಣ್ಣು ನಂದಲ್ವಾ?” ಎಂದರು ಮೇಷ್ಟ್ರು, ಚಹಾ ಕಲಕುತ್ತಾ.

ದೊಡ್ಡಮ್ಮ ಕೈಯಲ್ಲಿದ್ದ ಕುಂಚವನ್ನು ಅವರ ಚಹಾದಲ್ಲೇ ಚೆನ್ನಾಗಿ ಅದ್ದಿ ತೊಳೆದಳು, ಅವರ ಮೇಜಿನ ಬಟ್ಟೆಗೇ ಒರೆಸಿದಳು, ಮನೆಗೆ ಬಂದಳು. ಮತ್ತೆ ಆ ವಿಭಾಗದ ಮೆಟ್ಟಿಲು ಹತ್ತಲಿಲ್ಲ. ರೋಷದಲ್ಲಿ ಬಂದವಳು ತಾನು ಬರೆದ ಒಂದು ಚೂರು ಕಾಗದವನ್ನೂ ತರಲಿಲ್ಲ. ಆಮೇಲಿನ ಬದುಕೆಲ್ಲ ಒಂದನೇ ತರಗತಿಯ ಪಠ್ಯಪುಸ್ತಕಗಳಿಗೆ ಬಸ್ಸು, ಬಾಳೆಹಣ್ಣು, ಬಾತುಕೋಳಿ ಬರೆದುಕೊಂಡು, ಅದರಲ್ಲೇ ತೀರಿಕೊಂಡ ತಂಗಿಯ ಮಗಳನ್ನು ಸಾಕಿದಳು. ಸಾಕುವುದೆಂದರೆ ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ: ಮಗುವಿನ ಕೈಗೆ ಪೆನ್ಸಿಲು ಕೊಟ್ಟು, ಆ ಕೈಯ ಮೇಲೆ ತನ್ನ ಕೈಯಿಟ್ಟು ಗೆರೆ ಎಳೆಸುವುದು. ಡಾಕ್ಟರಮ್ಮನ ಗೆರೆ, ಅಕ್ಷರ ಎರಡೂ ದೊಡ್ಡಮ್ಮನ ಪಡಿಯಚ್ಚಾಗಿ ಬೆಳೆದವು.

ಅವಳು ಮೊದಲು ಸರಿಯಾದ ದಾರಿಯಲ್ಲೇ ಹೋದಳು. ಬ್ಯಾನರು ಏರಿದ ಮರುದಿನ ವಿಶೇಷ ಸಂಗ್ರಹದ ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು.

“ನನಗೆ ಗೊತ್ತು ಅನ್ನೋದು ದಾಖಲೆ ಆಗಲ್ಲಮ್ಮ,” ಎಂದರು. “ನಮ್ಮದು ನೆನಪಿನ ಇಲಾಖೆ ಅಲ್ಲ. ಅವರು ಬರೆದಿದ್ದು ಅಂತ ಒಂದೇ ಒಂದು ಹಾಳೆ ತೋರಿಸಿ. ಫಲಕ ಬದಲಾಯಿಸೋ ಜವಾಬ್ದಾರಿ ನಂದು.”

“ಪಠ್ಯಪುಸ್ತಕದ ಚಿತ್ರಗಳಿವೆಯಲ್ಲ ಸರ್. ಆ ಗೆರೆ ನೋಡಿ.”

“ಬಾತುಕೋಳಿ ಇಟ್ಕೊಂಡು ಜೇಡ ಸಾಬೀತು ಮಾಡೋಕಾಗತ್ತಾ?”

ಮನೆಗೆ ಬಂದು ಹೇಳಿದಾಗ ದೊಡ್ಡಮ್ಮ ಸಿಡಿದೆದ್ದಳು. “ನಿಂಗೆ ಯಾರು ಕೇಳೋಕೆ ಹೇಳಿದ್ರು? ನನ್ನ ಜೇಡಕ್ಕೆ ನಾನು ಅರ್ಜಿ ಹಾಕ್ಬೇಕಾ? ಇನ್ನೊಂದ್ಸಲ ಆ ಮಾತು ತೆಗೆದ್ರೆ ನೋಡು!” ಎಂದು ಟಿವಿಯ ದನಿ ಏರಿಸಿದಳು. ಆದರೆ ಭಾನುವಾರ ಬೆಳಗ್ಗೆ ಡಾಕ್ಟರಮ್ಮ ಬಟ್ಟೆ ಒಣಹಾಕಿ ಒಳಗೆ ಬಂದರೆ, ದೊಡ್ಡಮ್ಮ ಪತ್ರಿಕೆಯಲ್ಲಿ ಬಂದಿದ್ದ ಬ್ಯಾನರಿನ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಸೂರದ ಕೆಳಗೆ ಜೇಡದ ಒಂದೊಂದೇ ಕಾಲನ್ನು ಉಗುರಿನಿಂದ ಸವರುತ್ತಿದ್ದಳು. ಮುಖ ಮಗುವಿನದಾಗಿತ್ತು. ದೊಡ್ಡಮ್ಮನ ಹೃದಯ ಇನ್ನೆಷ್ಟು ಕಾಲ ದುಡಿಯುತ್ತದೋ ಹೇಳಲಾಗದು ಎಂದು ಆಸ್ಪತ್ರೆಯವರು ಆಗಲೇ ಕೈ ಚೆಲ್ಲಿದ್ದರು. ಈ ಪ್ರದರ್ಶನದಲ್ಲಿ ಹೆಸರು ಬರದಿದ್ದರೆ ಮತ್ತೆಂದೂ ಬರುವುದಿಲ್ಲ. ಡಾಕ್ಟರಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತು ನಿರ್ಧರಿಸಿದಳು. ಒಂದು ಹಾಳೆ ಕೇಳಿದ್ದಾರೆ. ಮೂರು ಕೊಡೋಣ.

ಅವಕಾಶ ತಾನಾಗಿ ಗಾಡಿಯಲ್ಲಿ ಬಂದಿಳಿಯಿತು. ಮೇಷ್ಟ್ರ ಮಗ ತೀರಿಕೊಂಡ ತಂದೆಯ ಉಳಿದ ಕಾಗದಪತ್ರಗಳನ್ನೆಲ್ಲ ರಟ್ಟಿನ ಪೆಟ್ಟಿಗೆಗಳಲ್ಲಿ ತುಂಬಿ ಗ್ರಂಥಾಲಯಕ್ಕೆ ದಾನ ಕೊಟ್ಟಿದ್ದ. ದಾನಕ್ಕೊಂದು ಷರತ್ತು: ಶತಮಾನೋತ್ಸವದ ಸಭೆಯಲ್ಲಿ, ಎಲ್ಲರ ಎದುರು, ತಾನೇ ಪೆಟ್ಟಿಗೆಗಳನ್ನು ಬಿಚ್ಚಬೇಕು. ಅದಕ್ಕಾಗಿ ಪ್ರತಿ ಪೆಟ್ಟಿಗೆಯ ಬಾಯಿಗೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅಡ್ಡಕ್ಕೆ ಸಹಿ ಮಾಡಿ ಕಳಿಸಿದ್ದ. ಅಪ್ಪನಿಗಿದ್ದ ಸಹಿಯ ಚಟ ಮಗನಿಗೂ ಬಂದಿತ್ತು. ಹೊರಗಿನಿಂದ ಬಂದ ಪೆಟ್ಟಿಗೆಗಳು ಹುಳುಹುಪ್ಪಟೆ ಸಾಯುವವರೆಗೆ ಡಾಕ್ಟರಮ್ಮನ ಕೆಲಸದ ಕೋಣೆಯ ಪಕ್ಕದ ಶೀತಲ ಕೋಣೆಯಲ್ಲಿ ಇರಬೇಕೆಂಬುದು ಗ್ರಂಥಾಲಯದ ನಿಯಮ. ಆ ಕೋಣೆಯ ಬೀಗದ ಕೈ ಅವಳ ಕೊರಳಲ್ಲೇ ತೂಗುತ್ತಿತ್ತು.

ಬಾಯಿಗೆ ಸಹಿ ಹಾಕುವವರು ತಳವನ್ನು ಮರೆಯುತ್ತಾರೆ. ರಟ್ಟಿನ ತಳದ ಅಂಟಿಗೆ ಬೆಚ್ಚಗಿನ ಅಲಗು ಸೋಕಿಸಿದರೆ ಅದು ಮಾತು ಕೇಳುತ್ತದೆ. ತಣ್ಣಗಾದ ಮೇಲೆ ಅದೇ ಅಂಟು ಅದೇ ಜಾಗಕ್ಕೆ ಕೂರುತ್ತದೆ. ಪುಸ್ತಕದ ರಟ್ಟು ಬಿಚ್ಚಿ ಕಟ್ಟುವುದರಲ್ಲೇ ಕೂದಲು ನರೆತವಳಿಗೆ ಇದು ಎಡಗೈ ಕೆಲಸ. ಅವಳು ಮೊದಲು ತಳ ಬಿಚ್ಚಿದ್ದು ಮೋಸಕ್ಕಲ್ಲ, ಆಸೆಗೆ. ದೊಡ್ಡಮ್ಮನ ನಿಜವಾದ ಹಾಳೆಗಳೇ ಒಳಗಿರಬಹುದು, ಇದ್ದರೆ ಪೆಟ್ಟಿಗೆಯನ್ನು ಮುಚ್ಚಿ ಸಭೆಯವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕಾಯಬಹುದು ಎಂದು ಎಣಿಸಿದ್ದಳು. ಪೆಟ್ಟಿಗೆ ಪೆಟ್ಟಿಗೆ ತಡಕಿದಳು. ಭಾಷಣದ ಟಿಪ್ಪಣಿ, ಸನ್ಮಾನದ ಫೋಟೋ, ಬಿಲ್ಲು. ಕೊನೆಗೆ ಸಿಕ್ಕಿದ್ದು ವಿಭಾಗದ ಮುದ್ರೆಯಿದ್ದ ಒಂದು ಚಿತ್ರದ ಪುಸ್ತಕ. ಮುಂದಿನ ಹಾಳೆಗಳನ್ನೆಲ್ಲ ಯಾರೋ ಕಿತ್ತಿದ್ದರು, ಹೊಲಿಗೆಯಲ್ಲಿ ಬರೀ ಬುಡಗಳು ಉಳಿದಿದ್ದವು. ಹಿಂದಿನ ಹಾಳೆಗಳು ಖಾಲಿ.

ಆ ಬುಡಗಳನ್ನು ನೋಡಿದಾಗ ಅವಳ ಕಣ್ಣಲ್ಲಿ ನೀರು ಬಂತು, ಬೆನ್ನಿಗೇ ಮೈಯೆಲ್ಲ ಬಿಸಿಯಾಯಿತು. ಮೇಷ್ಟ್ರು ಮರೆತದ್ದಲ್ಲ, ಕೂತು ಅಳಿಸಿದ್ದಾರೆ. ಅಲ್ಲಿಯವರೆಗೆ ಅವಳೊಳಗೆ ಎಲ್ಲೋ ಅಳುಕುತ್ತಿದ್ದ ಆತ್ಮಸಾಕ್ಷಿ ಆ ಗಳಿಗೆಯಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟಿತು. ತಾನು ಮಾಡಲಿರುವುದು ಸುಳ್ಳಲ್ಲ, ಕಿತ್ತುಹಾಕಿದ ಸತ್ಯವನ್ನು ಮತ್ತೆ ಹೊಲಿಯುವುದು. ತನ್ನ ಉದ್ಯೋಗವೇ ಅದು. ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ಇರಲಿ. ಆ ಪುಸ್ತಕಕ್ಕೂ ಒಂದು ದಿನ ಹುಳ ಹಿಡಿಯುತ್ತದೆ, ಆಗ ಅದೂ ತನ್ನ ಮೇಜಿಗೇ ಬರಬೇಕು.

ಖಾಲಿ ಹಾಳೆಗಳಲ್ಲಿ ಮೂರನ್ನು ಅವಳು ಕತ್ತರಿಸದೆ ಕಿತ್ತಳು. ಮುಂದೆ ಯಾರಾದರೂ ಅನುಮಾನದ ಪಿಶಾಚಿ ಬಂದು ಹಾಳೆಯ ಅಂಚನ್ನು ಪುಸ್ತಕದ ಬುಡಕ್ಕೆ ಹೊಂದಿಸಿ ನೋಡಿದರೆ ನಾರು ನಾರೂ ಕೂಡಬೇಕು. ಕಾಗದ ಮೇಷ್ಟ್ರದೇ, ವಯಸ್ಸು ಮೇಷ್ಟ್ರ ಕಾಲದ್ದೇ, ಅಂಚಿನ ಕಂದು ಬಣ್ಣ ಮೇಷ್ಟ್ರ ಮನೆಯ ಅಟ್ಟದ್ದೇ. ಬಣ್ಣ, ಮಸಿಗಳ ಗೊಡವೆಗೆ ಅವಳು ಹೋಗಲಿಲ್ಲ. ಮಸಿ ಬಾಯಿ ಬಿಡುತ್ತದೆ. ಪೆನ್ಸಿಲಿನ ಗೀರಿಗೆ ವಯಸ್ಸು ಹೇಳುವ ಯಂತ್ರ ಇನ್ನೂ ಹುಟ್ಟಿಲ್ಲ. ಅದರ ಮೇಲೆ, ದೊಡ್ಡಮ್ಮನ ಡಬ್ಬಿಯಲ್ಲಿ ಆ ಕಾಲದ ಪೆನ್ಸಿಲಿನ ಮೋಟುಗಳು ಇನ್ನೂ ಇದ್ದವು. ಅಳಿಸುವುದಕ್ಕೂ ರಬ್ಬರು ಮುಟ್ಟಲಿಲ್ಲ, ಹಳೆಯ ಕಲಾವಿದರಂತೆ ಬ್ರೆಡ್ಡಿನ ತಿರುಳನ್ನು ಉಂಡೆ ಮಾಡಿ ಒತ್ತಿದಳು.

ಏನು ಬರೆಯಬೇಕೆಂಬುದೇ ಯೋಜನೆಯ ಮುಕುಟ. ಪುಸ್ತಕಕ್ಕೆ ಹೋದ ಮೂಲಚಿತ್ರಗಳು ಗ್ರಂಥಾಲಯದಲ್ಲೇ ಇದ್ದವು, ಪ್ರದರ್ಶನಕ್ಕೆ ಸಿದ್ಧಪಡಿಸಲು ಅವಳ ಮೇಜಿಗೇ ಬಂದಿದ್ದವು. ಓರೆಯಿಂದ ದೀಪ ಹಿಡಿದು ನೋಡಿದಾಗ ಮೂರು ಚಿತ್ರಗಳಲ್ಲಿ ಬಣ್ಣದ ಅಡಿಯಲ್ಲಿ ಅಳಿಸಿದ ಗೆರೆ ಕಾಣಿಸಿತು. ಒಂದು ಜೇಡದ ಮುಂಗಾಲು ಮೊದಲು ಇನ್ನೂ ಚಾಚಿತ್ತು. ಇನ್ನೊಂದರ ಹೊಟ್ಟೆ ದುಂಡಗಿತ್ತು. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಮೂಲಚಿತ್ರಕ್ಕೂ ಮುಂಚಿನ ಕರಡುಗಳಂತೆ ಕಾಣಲೆಂದು ತನ್ನ ಹಾಳೆಗಳಲ್ಲಿ ಕಾಲನ್ನು ಚಾಚಿಸಿದಳು, ಹೊಟ್ಟೆಯನ್ನು ದುಂಡಗೆ ಬರೆದಳು, ಪಕ್ಕದಲ್ಲಿ ದೊಡ್ಡಮ್ಮನ ಅಕ್ಷರದಲ್ಲಿ ‘ಕಾಲು ಜಾಸ್ತಿಯಾಯ್ತು, ಮಡಚಬೇಕು’ ಎಂದು ಗೀಚಿದಳು. ಮೂಲೆಯಲ್ಲಿ ದೊಡ್ಡಮ್ಮನ ಚಿಕ್ಕ ಸಹಿ. ಪಂಡಿತರಿಗೆ ತೋರಿಸಿದ ಸಾಕ್ಷಿಗಿಂತ ತಾವೇ ಅಗೆದು ತೆಗೆದ ಸಾಕ್ಷಿ ಮೇಲೆ ಪ್ರೀತಿ ಹೆಚ್ಚು. ಅಗೆಯಲಿ, ಹುಡುಕಲಿ, ಬೆನ್ನು ತಟ್ಟಿಕೊಳ್ಳಲಿ.

ಇದನ್ನೆಲ್ಲ ಅವಳು ಕೆಲಸದ ಕೋಣೆಯಲ್ಲೇ, ಹಾಡುಹಗಲಲ್ಲಿ, ಬಾಗಿಲು ತೆರೆದಿಟ್ಟು ಮಾಡಿದಳು. ಮುಚ್ಚಿದ ಬಾಗಿಲಿಗೇ ಜನ ಕಿವಿಯಿಡುವುದು. ಹಳೆಯ ಹಾಳೆಯೊಂದರ ಮೇಲೆ ಬಗ್ಗಿ ಕೂತ ಡಾಕ್ಟರಮ್ಮ ಆ ಕಟ್ಟಡದಲ್ಲಿ ಗೋಡೆ ಗಡಿಯಾರದಷ್ಟೇ ಸಾಮಾನ್ಯವಾದ ನೋಟ. ಒಮ್ಮೆ ಮುಖ್ಯಸ್ಥರೇ ಬಾಗಿಲಲ್ಲಿ ನಿಂತು, “ಏನು, ಹೊಸ ರೋಗೀನಾ?” ಎಂದರು. “ಹಳೇ ರೋಗ ಸರ್, ವಾಸಿಯಾಗತ್ತೆ,” ಎಂದು ಅವಳು ತಲೆಯೆತ್ತದೆ ಉತ್ತರಿಸಿದಳು. ಅವರು ನಗುತ್ತಾ ಹೋದರು. ಅವಳು ಜೇಡದ ಕಣ್ಣಿಗೆ ಕಪ್ಪು ತುಂಬಿದಳು.

ಬರೆದು ಮುಗಿದ ಹಾಳೆಗಳನ್ನು ಮೇಷ್ಟ್ರ ಟಿಪ್ಪಣಿಗಳ ನಡುವೆ ಇಟ್ಟು ಭಾರ ಹೇರಿದಳು, ಎದುರು ಹಾಳೆಗೆ ಪೆನ್ಸಿಲಿನ ಮಸುಕು ನೆರಳು ಬೀಳುವಂತೆ. ವರ್ಷಾನುವರ್ಷ ಒಟ್ಟಿಗೇ ಮಲಗಿದ ಕಾಗದಗಳು ಹೀಗೆಯೇ ಒಂದರ ಗುರುತನ್ನು ಒಂದು ಹೊರುತ್ತವೆ. ಆಮೇಲೆ ಮೂರನ್ನೂ ಬೇರೆ ಬೇರೆ ಕಟ್ಟುಗಳಲ್ಲಿ ಸೇರಿಸಿ, ಚಿತ್ರದ ಪುಸ್ತಕವನ್ನೂ ಇದ್ದಲ್ಲೇ ಇಟ್ಟು ತಳ ಅಂಟಿಸಿದಳು. ಅಂಟಿದ ಮೇಲೆ ತಾನೇ ಮಸೂರ ಹಿಡಿದು ಹುಳುಕು ಹುಡುಕಿದಳು. ಸಿಗಲಿಲ್ಲ. ಮೇಷ್ಟ್ರ ಮಗನ ಸಹಿ ಪೆಟ್ಟಿಗೆಯ ಬಾಯಿ ಮೇಲೆ ಮೀಸೆ ತಿರುವಿಕೊಂಡು ಹಾಗೆಯೇ ಕೂತಿತ್ತು.

ಸಭೆಯ ದಿನ ಅವಳು ಬೇಕೆಂದೇ ಹಿಂದಿನ ಸಾಲಿನಲ್ಲಿ ಕುಳಿತಳು. ಮಗ ಪಟ್ಟಿ ಕತ್ತರಿಸಿದ, ಚಪ್ಪಾಳೆ ಬಿತ್ತು. ಮುಖ್ಯಸ್ಥರು ಒಂದೊಂದೇ ಕಟ್ಟನ್ನು ಮೇಲೆತ್ತಿ ನಾಲ್ಕು ಮಾತು ಹೇಳುತ್ತಿದ್ದರು. ಮೊದಲ ಜೇಡ ಹೊರಬಂದಾಗ ಅವರ ಮಾತು ಅರ್ಧಕ್ಕೇ ನಿಂತಿತು. ಕನ್ನಡಕ ಸರಿಮಾಡಿಕೊಂಡರು. ಮೂಲೆಯ ಸಹಿಯನ್ನು ಓದಿದರು, ಇನ್ನೊಮ್ಮೆ ಓದಿದರು, ಆಮೇಲೆ ಜನರ ತಲೆಗಳ ಮೇಲಿಂದ ನೇರವಾಗಿ ಹಿಂದಿನ ಸಾಲಿನತ್ತ ನೋಡಿದರು. ಡಾಕ್ಟರಮ್ಮ ಏನೂ ಅರಿಯದವಳಂತೆ ಚೀಲದಲ್ಲಿ ಕರವಸ್ತ್ರ ಹುಡುಕಿದಳು. ಮಗನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತನ್ನ ಪೆಟ್ಟಿಗೆ, ತನ್ನ ಸಹಿ, ತನ್ನ ಕತ್ತರಿ. ಇಲ್ಲವೆನ್ನಲು ಅವನಿಗೆ ಬಾಯಿಯೇ ಇರಲಿಲ್ಲ.

ಆ ಸಂಜೆಯೇ ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ತನ್ನ ಯೋಜನೆಯ ಅತ್ಯಂತ ಜಾಣ ನಡೆಯನ್ನು ನಡೆಸಿದಳು.

“ಸರ್, ಈ ಹಾಳೆಗಳನ್ನ ನಾನು ಮುಟ್ಟಲ್ಲ. ಪೆಟ್ಟಿಗೆಯಿಂದ ಬಂದ ಯಾವುದನ್ನೂ ಮುಟ್ಟಲ್ಲ. ನಾನು ಅವರ ಮನೆಯವಳು. ನಾಳೆ ಯಾರೂ ಒಂದು ಮಾತು ಆಡೋ ಹಾಗಾಗ್ಬಾರ್ದು. ಹೊರಗಿನವರನ್ನ ಕರೆಸಿ.”

“ನಿಮ್ಮಂಥವರು ಎಷ್ಟು ಜನ ಇದ್ದಾರಮ್ಮ!” ಎಂದರು ಮುಖ್ಯಸ್ಥರು. ಅವರ ದನಿ ನಿಜವಾಗಿಯೂ ತೇವವಾಗಿತ್ತು.

ಮ್ಯೂಸಿಯಮ್ಮಿನಿಂದ ಒಬ್ಬ ಕಾಗದ ತಜ್ಞನನ್ನು ಕರೆಸಿದರು. ಮೆಲುಮಾತಿನ, ತೋಳಿಗೆ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಕೆಲಸ ಮಾಡುವ ಮನುಷ್ಯ. ಅಕ್ಷರ ನೋಡುವವರು ಬೇರೆ ಬಂದರು. ಎಲ್ಲವೂ ಅವಳು ಹಾಸಿದ ದಾರಿಯಲ್ಲೇ ನಡೆಯಿತು. ಹರಿದ ಅಂಚು ಬುಡಕ್ಕೆ ಕೂಡಿತು. ಅಕ್ಷರ ಬಾತುಕೋಳಿಯ ಮೂಲಚಿತ್ರದ ಬದಿಯಲ್ಲಿ ದೊಡ್ಡಮ್ಮ ಗೀಚಿದ್ದ ಅಕ್ಷರಕ್ಕೆ ಕೂಡಿತು. ಮ್ಯೂಸಿಯಮ್ಮಿನವನು ಮೂಲಚಿತ್ರಕ್ಕೆ ಓರೆ ದೀಪ ಹಿಡಿದು ಅಳಿಸಿದ ಕಾಲನ್ನು ತಾನೇ ಕಂಡುಹಿಡಿದ ದಿನ, ಅಂಥ ಮೆಲುಮಾತಿನವನೂ ಕಾರಿಡಾರಿನಲ್ಲಿ ಓಡಿಬಂದ. “ಮೇಡಂ, ಮೊದಲು ಕಾಲು ಚಾಚಿತ್ತು! ನಿಮ್ಮ ದೊಡ್ಡಮ್ಮನ ಹಾಳೆಯಲ್ಲಿ ಇರೋ ಹಾಗೇ!” “ಹೌದಾ?” ಎಂದು ಡಾಕ್ಟರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅವನ ಮೇಲೆ ಅವಳಿಗೆ ಅಕ್ಕರೆಯೇ ಹುಟ್ಟಿತು.

ಮುಖ್ಯಸ್ಥರು ಮಾತಿಗೆ ತಪ್ಪಲಿಲ್ಲ. ಬ್ಯಾನರು ಇಳಿಯಿತು. ಹೊಸ ಫಲಕದಲ್ಲಿ ಮೇಷ್ಟ್ರ ಹೆಸರಿನ ಪಕ್ಕ, ಅಷ್ಟೇ ದಪ್ಪದ ಅಕ್ಷರದಲ್ಲಿ, ‘ಚಿತ್ರಗಳು’ ಎಂದು ಬರೆದು ದೊಡ್ಡಮ್ಮನ ಪೂರ್ತಿ ಹೆಸರು. ಪ್ರದರ್ಶನ ಜನರಿಗೆ ತೆರೆಯುವ ಹಿಂದಿನ ದಿನ ಬೆಳಗ್ಗೆ, ಪತ್ರಿಕೆಯವರಿಗೆಂದು ಇಟ್ಟುಕೊಂಡ ಹೊತ್ತಿನಲ್ಲಿ, ಡಾಕ್ಟರಮ್ಮ ದೊಡ್ಡಮ್ಮನನ್ನು ಕರೆತಂದಳು. ದೊಡ್ಡಮ್ಮ ಬರುವುದಿಲ್ಲ ಎಂದು ಎರಡು ದಿನ ಹಟ ಹಿಡಿದು, ಮೂರನೆಯ ದಿನ ಎಲ್ಲರಿಗಿಂತ ಮುಂಚೆ ಸೀರೆಯುಟ್ಟು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. ಫಲಕದ ಮುಂದೆ ಕೋಲೂರಿ ನಿಂತು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿದಳು. “ಅಕ್ಷರ ಇನ್ನೂ ಸ್ವಲ್ಪ ದೊಡ್ದು ಮಾಡ್ಬಹುದಿತ್ತು,” ಎಂದಳು. ಅವಳ ಗದ್ದ ನಡುಗುತ್ತಿತ್ತು. ಡಾಕ್ಟರಮ್ಮ ಆ ಗದ್ದವನ್ನು ನೋಡಿ, ಇದಕ್ಕಾಗಿ ಇನ್ನೊಮ್ಮೆ ಬೇಕಾದರೂ ಮಾಡಿಯೇನು ಎಂದುಕೊಂಡಳು.

ಮೂರು ಹಾಳೆಗಳನ್ನು ಗಾಜಿನ ಪೆಟ್ಟಿಗೆಯ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟಿದ್ದರು. ಅವಳು ಹೆದರಿದ್ದು ಈ ಒಂದು ಗಳಿಗೆಗೆ. ಹಾಳೆಗಳನ್ನು ಬರೆದದ್ದು ತಾನೆಂದು ಮನೆಯಲ್ಲಿ ಹೇಳಿರಲಿಲ್ಲ; ಹೇಳಿದ್ದರೆ ದೊಡ್ಡಮ್ಮ ಕೋಲಿನಿಂದಲೇ ಮಾತಾಡುತ್ತಿದ್ದಳು. ದೊಡ್ಡಮ್ಮ ಸೆರಗಿನಲ್ಲಿ ಮಸೂರ ಒರೆಸಿಕೊಂಡು ಮೊದಲ ಜೇಡದ ಮೇಲೆ ಬಗ್ಗಿದಳು. ಎರಡನೆಯದಕ್ಕೆ ಹೋದಳು. ಮತ್ತೆ ಮೊದಲನೆಯದಕ್ಕೆ ಬಂದಳು. ಮಸೂರದೊಳಗಿನಿಂದ ಅವಳ ಕಣ್ಣು ನಿಧಾನವಾಗಿ ಮೇಲೆದ್ದು ಡಾಕ್ಟರಮ್ಮನ ಮುಖದ ಮೇಲೆ ನಿಂತಿತು.

“ನಿಮ್ಮದೇ ತಾನೆ ಅಮ್ಮಾ?” ಎಂದು ಕೇಳಿದರು ಮುಖ್ಯಸ್ಥರು. ಕ್ಯಾಮೆರಾದವರು ಹತ್ತಿರ ಸರಿದರು.

“ಮತ್ತೆ? ನಿಮ್ಮ ಮೇಷ್ಟ್ರದಾ?” ಎಂದಳು ದೊಡ್ಡಮ್ಮ.

ಎಲ್ಲರೂ ನಕ್ಕರು. ಆ ನಗುವಿನ ಮರೆಯಲ್ಲಿ ದೊಡ್ಡಮ್ಮ ಮಗಳ ತೋಳನ್ನು ಹಿಡಿದು ಹತ್ತಿರಕ್ಕೆಳೆದುಕೊಂಡಳು. ಹಿಡಿತ ನೋಯುವಷ್ಟು ಬಿಗಿಯಾಗಿತ್ತು.

“ಕಾಲಿನ ರೋಮ ಒತ್ತಾಯ್ತು ಕಣೇ,” ಎಂದು ಪಿಸುಗುಟ್ಟಿದಳು. “ನಾನು ಇಷ್ಟೊಂದು ಹಾಕ್ತಿರ್ಲಿಲ್ಲ. ಯಾವತ್ತೂ ನಿಂದು ಇದೇ ಆಯ್ತು, ಕೈ ಎತ್ತೋದು ಗೊತ್ತಾಗಲ್ಲ.”

“ಬೈತೀಯಾ?”

“ಮನೆಗೆ ನಡಿ, ಆಮೇಲೆ ಬೈತೀನಿ.” ಕಣ್ಣಂಚಿನಲ್ಲಿ ನೀರು ತುಂಬಿಕೊಂಡೇ ದೊಡ್ಡಮ್ಮ ತುಟಿ ಬಿಗಿಹಿಡಿದು ನಗು ನುಂಗಿದಳು. “ಅವನ ಚಹಾ ಲೋಟದ್ದು ಲೆಕ್ಕ ಚುಕ್ತಾ ಆಯ್ತು ಬಿಡು.”

ಆಮೇಲೆ ದೊಡ್ಡಮ್ಮ ಸೆಟೆದು ನಿಂತು ಪತ್ರಿಕೆಯವರ ಪ್ರಶ್ನೆಗಳಿಗೆ ಉತ್ತರ ಕೊಡತೊಡಗಿದಳು. ಬದುಕಿನಲ್ಲಿ ಸುಳ್ಳೇ ಹೇಳದ ಹೆಂಗಸು, ಮೊದಲ ಸುಳ್ಳನ್ನು ಪಳಗಿದ ರಾಜಕಾರಣಿಯಂತೆ ಹೇಳುತ್ತಿದ್ದಳು. ಯಾವ ಕಿಟಕಿಯ ಪಕ್ಕ ಕೂತು ಆ ಮೂರು ಹಾಳೆಗಳನ್ನು ಬರೆದದ್ದು, ಯಾವ ಜೇಡ ಬಾಟಲಿಯಿಂದ ತೆಗೆದಾಗ ಕಾಲು ಮುರಿದುಕೊಂಡಿತು, ಎಲ್ಲವೂ ಬಂತು. ಡಾಕ್ಟರಮ್ಮ ಎರಡು ಹೆಜ್ಜೆ ಹಿಂದೆ ನಿಂತು ಕಣ್ತುಂಬ ನೋಡಿದಳು. ಗೆದ್ದೆವು ಎನ್ನಿಸಿತು. ದೊಡ್ಡಮ್ಮನ ಹೆಸರನ್ನು ಇನ್ನು ಆ ಫಲಕದಿಂದ ಯಾರೂ ಕದಲಿಸಲಾರರು.

ಸಭಾಂಗಣದ ಇನ್ನೊಂದು ತುದಿಯಲ್ಲಿ ಮ್ಯೂಸಿಯಮ್ಮಿನವನು ಕೊನೆಯ ಕೆಲಸ ಮುಗಿಸುತ್ತಿದ್ದ. ಗಾಜಿನ ಪೆಟ್ಟಿಗೆಯೊಳಗೆ ಹೋಗುವ ಪ್ರತಿ ಹಾಳೆಯ ಹಿಂದಿನ ಮೂಲೆಗೆ ಪರೀಕ್ಷೆಯ ಒದ್ದೆ ಪಟ್ಟಿಯೊಂದನ್ನು ಒತ್ತಿ ನೋಡಬೇಕೆಂಬುದು ಆ ಗ್ರಂಥಾಲಯದ ಕಟ್ಟಳೆ. ಕಟ್ಟಳೆ ಮಾಡಿದವಳೂ ಡಾಕ್ಟರಮ್ಮನೇ. ಹಳೆಯ ಕಾಗದದಲ್ಲಿ ಆಮ್ಲ ಹುಟ್ಟುತ್ತದೆ, ಅದೇ ಅದನ್ನು ಕಂದಾಗಿಸಿ ಪುಡಿ ಮಾಡುವುದು. ಆಮ್ಲವಿದ್ದರೆ ಪಟ್ಟಿ ಹಳದಿ ತಿರುಗುತ್ತದೆ. ಅಂಥ ಹಾಳೆಗೆ ಡಾಕ್ಟರಮ್ಮನ ಕೋಣೆಯಲ್ಲಿ ಔಷಧಿ ಸಿಂಪಡಿಸಿ, ಆಮ್ಲ ಸತ್ತು ಪಟ್ಟಿ ನೇರಳೆ ಬಣ್ಣ ತೋರಿಸಿದ ಮೇಲೆಯೇ ಒಳಗಿಡುವುದು. ಇಲ್ಲವಾದರೆ ಒಂದು ಹಾಳೆಯ ಕೊಳೆತ ಪಕ್ಕದ್ದಕ್ಕೂ ಹತ್ತುತ್ತದೆ. ಅವನು ಬಂದು ಮೂರು ಜೇಡಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ತನ್ನ ಮೇಜಿಗೆ ಒಯ್ದದ್ದನ್ನು ಅವಳು ನೋಡಿದಳು, ನೋಡಿ ಮತ್ತೆ ದೊಡ್ಡಮ್ಮನತ್ತ ತಿರುಗಿದಳು.

ಸ್ವಲ್ಪ ಹೊತ್ತಿಗೆ ಅವನು ಪಟ್ಟಿಗಳನ್ನು ಅಂಗೈಯಲ್ಲಿ ಹರಡಿಕೊಂಡು ಬಂದ, ಮುಖ್ಯಸ್ಥರೂ ಅವನ ಹಿಂದೆಯೇ ಬಂದರು. ಅವನ ಮುಖದಲ್ಲಿ ಅನುಮಾನವಿರಲಿಲ್ಲ, ಕಸುಬಿನವನು ಕಸುಬಿನವಳನ್ನು ಕೇಳುವ ಸಣ್ಣ ಕುತೂಹಲವಿತ್ತು ಅಷ್ಟೆ. “ಮೇಡಂ, ಪೆಟ್ಟಿಗೆಯಿಂದ ಬಂದಿದ್ದೆಲ್ಲ ಹಳದಿ, ಆ ಚಿತ್ರದ ಪುಸ್ತಕದ ಖಾಲಿ ಹಾಳೆಗಳೂ ಹಳದಿ, ಈ ಮೂರು ಮಾತ್ರ ನೇರಳೆ ಬಂತು. ಇವಕ್ಕೆ ಔಷಧಿ ಯಾವಾಗ ಹೊಡೆದ್ರಿ? ಪೆಟ್ಟಿಗೆ ಬಿಚ್ಚಿದ ಮೇಲೆ ನೀವು ಮುಟ್ಟೇ ಇಲ್ಲ ಅಂತ ಸರ್ ಹೇಳ್ತಿದ್ರು.” ಡಾಕ್ಟರಮ್ಮ ಒಂದು ಪಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಮೂರನೆಯ ಜೇಡ ಬರೆದು ಮುಗಿದ ಮಧ್ಯಾಹ್ನ, ಹಾಳೆಯ ಕಂದು ಅಂಚು ಬೆರಳಿಗೆ ಪುಡಿಯಾಗಿ ಅಂಟಿದಾಗ, ದೊಡ್ಡಮ್ಮನ ಜೇಡಗಳನ್ನು ಈ ಕೊಳೆತದ ನಡುವೆ ಹೇಗೆ ಮಲಗಿಸುವುದು ಎಂದು ಕರುಳು ಚುರುಕ್ಕೆಂದು, ಬಲಗೈ ತಾನಾಗಿ ಕಪಾಟಿನ ಬಾಟಲಿಯನ್ನು ತೆಗೆದು ಮೂರರ ಬೆನ್ನಿಗೂ ಹದವಾಗಿ ಸಿಂಪಡಿಸಿತ್ತು. ತನ್ನ ಮೇಜು ಬಿಟ್ಟು ಹೋಗುವ ಪ್ರತಿ ಹಾಳೆಗೂ ಸಿಂಪಡಿಸಿ ಸಿಂಪಡಿಸಿ, ಅದು ಉಸಿರಾಡಿದಷ್ಟೇ ಸಹಜವಾಗಿ, ಅವಳ ಎಣಿಕೆಗೇ ಬಂದಿರಲಿಲ್ಲ. ಮುಖ್ಯಸ್ಥರು ಪಟ್ಟಿಗಳನ್ನು ನೋಡಿದರು, ಅವಳ ಕೊರಳಲ್ಲಿದ್ದ ಬೀಗದ ಕೈಯನ್ನು ನೋಡಿದರು, ಅವರ ಮುಖ ನಿಧಾನವಾಗಿ ಬದಲಾಯಿತು. ಇನ್ನು ನಿಜವಾದ ಜೇಡಗಳನ್ನೂ ದೊಡ್ಡಮ್ಮನವು ಎಂದು ಯಾರೂ ನಂಬುವುದಿಲ್ಲ ಎಂಬುದು ಅವಳಿಗೆ ಹೊಳೆಯುವ ಹೊತ್ತಿಗೆ, ಫಲಕದ ಕೆಳಗೆ ದೊಡ್ಡಮ್ಮ ಕೋಲನ್ನು ನೆಲಕ್ಕೆ ಕುಟ್ಟಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಪತ್ರಿಕೆಯವರಿಗೆ ಹೇಳುತ್ತಿದ್ದಳು: “ಬರ್ಕೊಳ್ಳಿ, ಸರಿಯಾಗಿ ಬರ್ಕೊಳ್ಳಿ. ಆ ಮೂರು ಹಾಳೇಲಿ ಒಂದೊಂದು ಗೆರೆಯೂ ನಂದೇ.”